ಸಾಯಿಸುವ ಆಟ, ಸಾಯಿಸದ ಆಟ: ಕಿಂಗ್ಸ್ ಕ್ವೆಸ್ಟ್ ಮತ್ತು ಮಂಕಿ ಐಲ್ಯಾಂಡ್ ಈಗ ಆಡಿದರೆ ಹೇಗಿವೆ?

ಮೊದಲ ನಿಮಿಷದಲ್ಲೇ ಸತ್ತೆ. ಅರಮನೆ ಮುಂದೆ ಸೇತುವೆ, ಸೇತುವೆ ಕೆಳಗೆ ಕಂದಕ, ಕಂದಕದಲ್ಲಿ ಮೊಸಳೆ. ಕಿಂಗ್ಸ್ ಕ್ವೆಸ್ಟ್ ಅನ್ನುವ ಈ ಹಳೇ ಕಂಪ್ಯೂಟರ್ ಆಟದಲ್ಲಿ ಬಾಣದ ಕೀ ಒಂದು ಸಲ ಒತ್ತಿದರೆ ನಮ್ಮ ಮನುಷ್ಯ ನಡೆಯಲು ಶುರು ಮಾಡುತ್ತಾನೆ, ಮತ್ತೆ ಒತ್ತುವ ತನಕ ನಿಲ್ಲುವುದಿಲ್ಲ. ಅದು ನನಗೆ ಮರೆತೇ ಹೋಗಿತ್ತು. ಆಟದ ನಾಯಕ ಸರ್ ಗ್ರಹಾಂ ಸೀದಾ ನೀರಿಗೆ ನಡೆದ.

ಪಕ್ಕದಲ್ಲಿ ಕೂತಿದ್ದ ಮಗಳು "ಅಪ್ಪಾ, ಆಟ ಮುಗೀತಾ?" ಅಂದಳು. ಅವಳಿಗೆ 11 ವರ್ಷ. ಅವಳು ಕೇಳಿದ್ದರಲ್ಲಿ ತಮಾಷೆ ಏನೂ ಇರಲಿಲ್ಲ, ನಿಜವಾಗಿಯೂ ಮುಗಿಯಿತು ಅಂದುಕೊಂಡಿದ್ದಳು.

ಹೋದ ತಿಂಗಳು ಆನ್‌ಲೈನ್ ಸೇಲ್ ಬಂದಾಗ ಕಿಂಗ್ಸ್ ಕ್ವೆಸ್ಟ್‌ನ ಮೊದಲ ಮೂರು ಭಾಗ ಸೇರಿದ ಒಂದು ಕಟ್ಟು ತಗೊಂಡೆ, ಜೊತೆಗೆ ಮಂಕಿ ಐಲ್ಯಾಂಡ್‌ನ ಒಂದು ಮತ್ತು ಎರಡನೇ ಭಾಗಗಳ ಸ್ಪೆಷಲ್ ಎಡಿಷನ್. ಎಲ್ಲ ಸೇರಿ ಮನೆಮಂದಿಯೆಲ್ಲ ಒಂದು ದಿನ ದರ್ಶಿನಿಯಲ್ಲಿ ತಿಂಡಿ ತಿಂದಷ್ಟು ದುಡ್ಡು. ಮೂರು ವಾರ ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಆಡಿದೆವು. ಹಳೇ ನೆನಪಿನ ಮೋಹಕ್ಕೆ ಐದು ನಕ್ಷತ್ರ ಕೊಡುವ ಚಟ ನನಗೆ ಇಲ್ಲ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೊದಲು ಪುಕ್ಕಟೆ ಮಾಲಿನಿಂದ ಶುರು ಮಾಡಿದೆವು. ಮಿಸ್ಟರಿ ಹೌಸ್, 1980, ಆಪಲ್ 2 ಕಂಪ್ಯೂಟರ್‌ಗೆ ಬಂದದ್ದು. ಚಿತ್ರ ಇರುವ ಅಡ್ವೆಂಚರ್ ಆಟಗಳ, ಅಂದರೆ ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಹೋಗುವ ಆಟಗಳ ಅಜ್ಜಿ ಇದು. ರಾಬರ್ಟಾ ವಿಲಿಯಮ್ಸ್ ಅನ್ನುವ ಹೆಣ್ಣುಮಗಳು ಕೊಲೊಸಲ್ ಕೇವ್ ಅನ್ನುವ ಬರೀ ಅಕ್ಷರದ ಆಟಕ್ಕೆ ಅಂಟಿಕೊಂಡು, ಇದಕ್ಕೆ ಚಿತ್ರ ಸೇರಿಸಿದರೆ ಹೇಗೆ ಅಂತ ಅಡುಗೆಮನೆ ಮೇಜಿನ ಮೇಲೆ ಕಥೆ ಹೆಣೆದರು, ಗಂಡ ಕೆನ್ ಪ್ರೋಗ್ರಾಂ ಬರೆದರು. ಡಿಸ್ಕನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದರು. ಮುಂದೆ ಸಿಯೆರಾ ಕಂಪನಿ ಆದದ್ದು ಇದೇ ಮನೆ. ಆಟ ಹೇಗಿದೆ? ಕಪ್ಪು ಹಿನ್ನೆಲೆ ಮೇಲೆ ಬಿಳಿ ಗೆರೆ. ಮನುಷ್ಯರು ಬೆಂಕಿಕಡ್ಡಿ ಥರ ಇದ್ದಾರೆ. ಎರಡು ಪದ ಟೈಪ್ ಮಾಡಬೇಕು, ಕ್ರಿಯೆ ಒಂದು, ವಸ್ತು ಒಂದು, ಅಷ್ಟೇ. ಹತ್ತು ನಿಮಿಷಕ್ಕೆ ಮಗಳು ಎದ್ದು ಹೋದಳು, ಇಪ್ಪತ್ತು ನಿಮಿಷಕ್ಕೆ ನಾನೂ ಎದ್ದೆ. ಮ್ಯೂಸಿಯಂಗೆ ಹೋದ ಹಾಗೆ ಒಂದು ಸುತ್ತು ನೋಡಿ ಬರಬಹುದು, ಆಡುತ್ತಾ ಕೂರುವಂಥದ್ದಲ್ಲ.

ಇನ್ನು ಕಿಂಗ್ಸ್ ಕ್ವೆಸ್ಟ್. 1984ರಲ್ಲಿ ಐಬಿಎಂ ತನ್ನ ಪಿಸಿ ಜೂನಿಯರ್ ಅನ್ನುವ ಹೊಸ ಮಿಷನ್‌ನ ತಾಕತ್ತು ತೋರಿಸುವುದಕ್ಕೆ ಸಿಯೆರಾ ಕೈಲಿ ಮಾಡಿಸಿದ ಆಟ ಇದು. ಮಿಷನ್ ಮರುವರ್ಷವೇ ಮಕಾಡೆ ಮಲಗಿತು, ಆಟ ಬದುಕಿತು. ಅಲ್ಲಿ ತನಕ ಚಿತ್ರ ಅಂದರೆ ಗೋಡೆ ಕ್ಯಾಲೆಂಡರ್ ಥರ ಸುಮ್ನೆ ಇರುತ್ತಿತ್ತು. ಇದರಲ್ಲಿ ಮೊದಲ ಸಲ ನಮ್ಮ ಮನುಷ್ಯ ಚಿತ್ರದ ಒಳಗೇ ಓಡಾಡಿದ. ಮರದ ಹಿಂದೆ ಹೋದರೆ ಮರೆಯಾಗುತ್ತಾನೆ, ಮುಂದೆ ಬಂದರೆ ಮರ ಮುಚ್ಚುತ್ತಾನೆ. ಈಗ ಇದೇನು ಮಹಾ ಅನ್ನಿಸಬಹುದು. ಆದರೆ ಮಿಸ್ಟರಿ ಹೌಸ್ ಆದಮೇಲೆ ಇದನ್ನು ತೆರೆದಾಗ ನಾಲ್ಕೇ ವರ್ಷದಲ್ಲಿ ಎಷ್ಟು ದೂರ ಬಂದಿದ್ದಾರೆ ಅಂತ ಕಣ್ಣಿಗೆ ಹೊಡೆಯುತ್ತದೆ.

ಚಿತ್ರ ನನಗೆ ಈಗಲೂ ಇಷ್ಟ. 16 ಬಣ್ಣ, ಅಗಲಕ್ಕೆ 160 ಚುಕ್ಕಿ, ಎತ್ತರಕ್ಕೆ 200. ಒಂದೊಂದು ಚುಕ್ಕಿಯೂ ಇಟ್ಟಿಗೆ ಇಟ್ಟ ಹಾಗೆ ಕಾಣುತ್ತದೆ. ದೊಡ್ಡ ಟಿವಿಗೆ ಮಾತ್ರ ಹಾಕಬೇಡಿ, ಚಿಕ್ಕ ಕಿಟಕಿಯಲ್ಲೇ ಆಡಿ. ತೊಂದರೆ ಇರುವುದು ಚಿತ್ರದಲ್ಲಲ್ಲ, ಆಟದ ಬುದ್ಧಿಯಲ್ಲಿ. ಏನು ಮಾಡಬೇಕಾದರೂ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು, ನಾವು ಟೈಪ್ ಮಾಡುವಾಗ ಆಟ ನಿಲ್ಲುವುದಿಲ್ಲ. ತೋಳ ಬಂತು ಅಂತ ಗಾಬರಿಯಲ್ಲಿ ಒಂದು ಅಕ್ಷರ ತಪ್ಪು ಹೊಡೆದರೆ ತೋಳದ ಹೊಟ್ಟೆ ತುಂಬುತ್ತದೆ. ಆಕಾಶಕ್ಕೆ ಬೆಳೆದ ಹುರುಳಿ ಬಳ್ಳಿ ಹತ್ತುವಾಗ ಅಂತೂ ಒಂದು ಚುಕ್ಕಿ ಆ ಕಡೆ ಈ ಕಡೆ ಆದರೂ ಕೆಳಗೆ. ಹತ್ತು ಸಲ ಬಿದ್ದೆ. ಹನ್ನೊಂದನೇ ಸಲ ಬಿದ್ದಾಗ ಹೆಂಡತಿ ಒಳಗಿನಿಂದ "ಇನ್ನೂ ಅದೇ ಬಳ್ಳೀನಾ?" ಅಂದಳು.

ಆ ಬಳ್ಳಿಯ ಬೀಜ ಸಿಗಬೇಕಾದರೆ ಒಬ್ಬ ಕುಳ್ಳನ ಹೆಸರು ಹೇಳಬೇಕು, ಮೂರು ಅವಕಾಶ. ಯುರೋಪಿನ ಮಕ್ಕಳ ಕಥೆ ಗೊತ್ತಿದ್ದವರಿಗೆ ಅವನು ರಂಪಲ್‌ಸ್ಟಿಲ್ಟ್‌ಸ್ಕಿನ್ ಅಂತ ಹೊಳೆಯಬಹುದು, ನಮ್ಮಲ್ಲಿ ಕಾನ್ವೆಂಟ್ ಪುಸ್ತಕ ಓದದವರಿಗೆ ಅದೂ ಇಲ್ಲ. ಮಾಟಗಾತಿ ಮನೆಯಲ್ಲಿ ಒಂದು ಚೀಟಿ ಸಿಗುತ್ತದೆ, ಕೆಲವು ಸಲ ಹಿಂದುಮುಂದಾಗಿ ಯೋಚಿಸುವುದು ಒಳ್ಳೆಯದು ಅಂತ. ಸರಿ, ಹೆಸರನ್ನು ತಿರುಗಿಸಿ ಹೊಡೆದೆವು. ತಪ್ಪು! ಆಟಕ್ಕೆ ಬೇಕಿರುವುದು ಹೆಸರು ತಿರುಗಿಸುವುದಲ್ಲ, ಇಡೀ ಇಂಗ್ಲಿಷ್ ಅಕ್ಷರಮಾಲೆಯನ್ನೇ ತಲೆಕೆಳಗು ಮಾಡುವುದು. ಎ ಇದ್ದ ಕಡೆ ಝಡ್, ಬಿ ಇದ್ದ ಕಡೆ ವೈ. ಹಾಗೆ ಮಾಡಿದರೆ ಬರುವ ಪದವನ್ನು ಯಾವ ಭಾಷೆಯ ನಾಲಿಗೆಯೂ ಉಚ್ಚರಿಸಲಾರದು. ಒಗಟು ಹೇಳಿಕೊಟ್ಟ ನಮ್ಮಜ್ಜಿ ಇದನ್ನು ಕೇಳಿದ್ದರೆ, ಉತ್ತರ ಹೇಳಿದ ಮೇಲೆ "ಅಯ್ಯೋ ಹೌದಲ್ಲ" ಅನ್ನಿಸದಿದ್ದರೆ ಅದೆಂಥ ಒಗಟೋ ಅಂತ ಎಲೆಯಡಿಕೆ ಉಗಿದು ಎದ್ದು ಹೋಗುತ್ತಿದ್ದಳು.

ನ್ಯಾಯವಾಗಿ ಹೇಳಬೇಕು: ಹೆಸರು ಹೇಳಲಾಗದಿದ್ದರೆ ಆಟ ಅಲ್ಲಿಗೇ ನಿಲ್ಲುವುದಿಲ್ಲ. ಕುಳ್ಳ ಒಂದು ಬೀಗದಕೈ ಕೊಡುತ್ತಾನೆ, ಬೆಟ್ಟದೊಳಗಿನ ಇನ್ನೊಂದು ದಾರಿಯಿಂದ ಮೇಲೆ ಹೋಗಬಹುದು, ಅಂಕ ಮಾತ್ರ ಕಡಿಮೆ. ಮುಂದಿನ ಭಾಗಗಳಿಗೆ ಅಷ್ಟು ಕರುಣೆ ಇಲ್ಲ. ಐದನೇ ಭಾಗದಲ್ಲಿ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಳೇ ಬೂಟು ಎಸೆದು ಇಲಿಯನ್ನು ಉಳಿಸಬೇಕು. ಉಳಿಸಲಿಲ್ಲ ಅಂದರೆ ಆಗ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಿನ ನಂತರ ನಿಮ್ಮನ್ನು ಕಟ್ಟಿ ನೆಲಮಾಳಿಗೆಗೆ ಎಸೆದಾಗ ಹಗ್ಗ ಕಡಿಯಲು ಇಲಿ ಬರುವುದಿಲ್ಲ, ಅಷ್ಟೇ, ಕಥೆ ಮುಗಿಯಿತು. ಯಾಕೆ ಅಂತ ಯಾರೂ ಹೇಳುವುದಿಲ್ಲ. ಕಂಪನಿಯವರು ಸುಳಿವಿನ ಪುಸ್ತಕ ಬೇರೆ ಮಾರುತ್ತಿದ್ದರು, ಅಮೆರಿಕದಲ್ಲಿ ಫೋನ್ ಮಾಡಿ ಕೇಳಲೂಬಹುದಿತ್ತು. ದಾವಣಗೆರೆಯಲ್ಲಿದ್ದ ನಮಗೆ ಅದೆಲ್ಲಿ ಬರಬೇಕು.

ಆ ಐದನೇ ಭಾಗ ಬಂದದ್ದು 1990ರಲ್ಲಿ. ಅದೇ ವರ್ಷವೇ ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್ ಕೂಡ ಬಂತು. ಎರಡಕ್ಕೂ ಒಂದೇ ವಯಸ್ಸು ಅಂದರೆ ಮಗಳು ನಂಬಲಿಲ್ಲ.

ಮಂಕಿ ಐಲ್ಯಾಂಡ್ ಮಾಡಿದ ರಾನ್ ಗಿಲ್ಬರ್ಟ್ ಅದರ ಹಿಂದಿನ ವರ್ಷವೇ ಅಡ್ವೆಂಚರ್ ಆಟಗಳು ಯಾಕೆ ಕೆಟ್ಟದಾಗಿವೆ ಅಂತ ಲೇಖನ ಬರೆದಿದ್ದರು. ಸತ್ತು ಸತ್ತು ಕಲಿಯಬೇಕಾದ ಸ್ಥಿತಿ ಆಟಗಾರನಿಗೆ ಬರಬಾರದು ಅನ್ನುವುದು ಅವರ ವಾದ. ಅದನ್ನು ಆಟದಲ್ಲಿ ಮಾಡಿಯೂ ತೋರಿಸಿದರು. ಕಡಲ್ಗಳ್ಳನಾಗಲು ಹೊರಟ ಗೈಬ್ರಷ್ ಅನ್ನುವ ಪೆದ್ದ ಹುಡುಗ ಒಂದು ಕಡೆ ಬೆಟ್ಟದ ಅಂಚಿನಿಂದ ಬೀಳುತ್ತಾನೆ. ಥೇಟ್ ಸಿಯೆರಾ ಆಟದ ಥರ ಕಿಟಕಿಯೊಂದು ಬಂದು, ನೀವು ಸತ್ತಿರಿ, ಹಳೇ ಸೇವ್ ತೆರೆಯುತ್ತೀರಾ ಅಂತ ಕೇಳುತ್ತದೆ. ಎರಡು ಕ್ಷಣ ಬಿಟ್ಟು ಹುಡುಗ ಕೆಳಗಿನಿಂದ ಪುಟಿದು ವಾಪಸ್ ಬರುತ್ತಾನೆ. ಕೆಳಗೆ ರಬ್ಬರ್ ಮರ ಇತ್ತಂತೆ! ಮೊಸಳೆ ಬಾಯಿಗೆ ಅಷ್ಟು ಸಲ ಬಿದ್ದು ಬಂದವರಿಗೆ ಇಲ್ಲಿ ಬರುವ ನಗು ಬೇರೆಯೇ. ಅದಕ್ಕೇ ಹೇಳುತ್ತೇನೆ, ಮೊದಲು ಕಿಂಗ್ಸ್ ಕ್ವೆಸ್ಟ್ ಆಡಿ, ಆಮೇಲೆ ಇದು.

ನಾನು ಇದನ್ನು ಮೊದಲು ನೋಡಿದ್ದು ಚಿಕ್ಕಪ್ಪನ ಮನೆಯಲ್ಲಿ. ಅಣ್ಣ ಯಾವುದೋ ಅಂಗಡಿಯಿಂದ ಕಾಪಿ ಹೊಡೆಸಿಕೊಂಡು ಬಂದ ಫ್ಲಾಪಿಗಳು. ಕಡಲ್ಗಳ್ಳರ ಆಟ, ಕಳ್ಳ ಕಾಪಿ, ಜೋಡಿ ಸರಿಯಾಗಿತ್ತು. ಕಳ್ಳ ಕಾಪಿ ತಡೆಯುವುದಕ್ಕೆ ಅಂತಲೇ ಆಟದ ಜೊತೆ ಕಡಲ್ಗಳ್ಳರ ಅರ್ಧರ್ಧ ಮುಖ ಇರುವ ರಟ್ಟಿನ ಚಕ್ರ ಕೊಡುತ್ತಿದ್ದರು, ತಿರುಗಿಸಿ ಮುಖ ಹೊಂದಿಸಿ ಇಸವಿ ಹೊಡೆದರೆ ಮಾತ್ರ ಆಟ ಶುರು. ನಮ್ಮ ಹತ್ತಿರ ಇದ್ದದ್ದು ಅದರ ಜೆರಾಕ್ಸ್, ನಡುವೆ ಗುಂಡುಪಿನ್ನು. ಕಾಡಿನಲ್ಲಿ ಒಂದು ಮರದ ಬುಡ ಇದೆ, ಅದರೊಳಗೆ ಇಣುಕಿದರೆ 22ನೇ ಡಿಸ್ಕ್ ಹಾಕಿ ಅನ್ನುತ್ತದೆ. ನಮ್ಮ ಕಂತೆಯಲ್ಲಿ ಅಷ್ಟು ಫ್ಲಾಪಿ ಎಲ್ಲಿತ್ತು? ಅಣ್ಣ ಅಂಗಡಿಯವನ ಹತ್ತಿರ ಹೋಗಿ, ಪೂರ್ತಿ ದುಡ್ಡು ತಗೊಂಡು ಅರ್ಧ ಆಟ ಕೊಟ್ಟಿದ್ದೀಯ ಅಂತ ಜಗಳ ಮಾಡಿ ಬಂದ. ಅದು ಆಟದವರೇ ಇಟ್ಟ ಜೋಕು ಅಂತ ಗೊತ್ತಾಗುವಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿತ್ತು.

ಇದರಲ್ಲಿ ಟೈಪ್ ಮಾಡುವುದಿಲ್ಲ, ಮೌಸ್ ಸಾಕು. ಆದರೆ ನಿಜವಾದ ಮಜಾ ಕತ್ತಿವರಸೆಯಲ್ಲಿದೆ. ಇಲ್ಲಿ ಗೆಲ್ಲುವುದು ಕತ್ತಿಯಿಂದಲ್ಲ, ಬೈಗುಳದಿಂದ. ಎದುರಾಳಿ ಚುಚ್ಚುಮಾತು ಆಡುತ್ತಾನೆ, ನೀವು ತಕ್ಕ ಉತ್ತರ ಕೊಡಬೇಕು. ಉತ್ತರ ಗೊತ್ತಿಲ್ಲದಿದ್ದರೆ ಸೋಲುತ್ತೀರಿ, ಆದರೆ ಅವನ ಬೈಗುಳ ನಿಮ್ಮದಾಗುತ್ತದೆ, ಅದನ್ನು ಮುಂದಿನವನ ಮೇಲೆ ಬಿಟ್ಟು ನೋಡಿದರೆ ಉತ್ತರವೂ ಸಿಗುತ್ತದೆ. ಹಾಲು ಕರೆಯುವವನ ಥರ ಕತ್ತಿ ಬೀಸುತ್ತೀಯ ಅಂತ ಒಬ್ಬ ಹಂಗಿಸುತ್ತಾನೆ. (ನಮ್ಮನೆಯಲ್ಲಿ ಎರಡು ಎಮ್ಮೆ ಇದ್ದವು, ನನಗೆ ಇದರಲ್ಲಿ ಬೈಗುಳ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.) ಸರಿಯಾಗೇ ಇದೆ, ನೀನು ಹಸುವಿನ ಥರ ಬೀಸುತ್ತೀಯಲ್ಲ ಅನ್ನುವುದು ಉತ್ತರ. ಇಷ್ಟೆಲ್ಲ ಕಲಿತು ಕತ್ತಿಗುರು ಹತ್ತಿರ ಹೋದರೆ ಅವಳ ಬೈಗುಳಗಳೇ ಬೇರೆ! ನಿನ್ನ ಮೈಯ ರಕ್ತವನ್ನೆಲ್ಲ ಕರೆದುಬಿಡುತ್ತೇನೆ ಅನ್ನುತ್ತಾಳೆ. ಒಂದು ನಿಮಿಷ ತಲೆ ಕೆರೆದುಕೊಂಡೆವು. ಆಮೇಲೆ ಮಗಳೇ ಕಿರುಚಿದಳು, "ಅಪ್ಪಾ, ಹಸು! ಹಸು!" ಹಳೇ ಉತ್ತರವೇ ಹೊಸ ಸವಾಲಿಗೆ ಕೂರುತ್ತದೆ. ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಈ ವರಸೆ ಗೊತ್ತು, ಅಲ್ವಾ? ಕೈಯಲ್ಲಿರುವ ಪದವನ್ನೇ ತಿರುಗಿಸಿ ಎದುರಿನ ಮೇಳದ ಬಾಯಿ ಮುಚ್ಚಿಸುವುದು. ನಮ್ಮಜ್ಜಿಯ "ಅಯ್ಯೋ ಹೌದಲ್ಲ" ಇದ್ದದ್ದು ಇಲ್ಲಿ.

ಸ್ಪೆಷಲ್ ಎಡಿಷನ್ ಬಗ್ಗೆ ಒಂದು ಮಾತು. ಮೊದಲ ಭಾಗದ್ದು 2009ರಲ್ಲಿ ಬಂತು. ಚಿತ್ರವೆಲ್ಲ ಹೊಸದಾಗಿ ಬರೆದಿದ್ದಾರೆ, ಮಾತಿಗೆ ದನಿ ಕೊಟ್ಟಿದ್ದಾರೆ. ಎಫ್10 ಒತ್ತಿದರೆ ಅದೇ ಜಾಗ, ಅದೇ ಕ್ಷಣ, ಹಳೇ ರೂಪದಲ್ಲಿ ಕಾಣುತ್ತದೆ. ಇದೊಂದಕ್ಕೇ ದುಡ್ಡು ಕೊಡಬಹುದು. ಹೊಸ ರೂಪದಲ್ಲಿ ಗೈಬ್ರಷ್‌ನ ಕೂದಲು ನೋಡಿದರೆ ಮಂಗಳೂರು ಹಂಚು ಹೊದಿಸಿದ ಹಾಗಿದೆ, ನಾವು ಜಾಸ್ತಿ ಆಡಿದ್ದು ಹಳೆಯದರಲ್ಲೇ. ಆದರೆ ಮೊದಲ ಭಾಗದಲ್ಲಿ ಹಳೇ ರೂಪಕ್ಕೆ ಹೋದರೆ ದನಿ ಇಲ್ಲ. ಎರಡನೇ ಭಾಗದಲ್ಲಿ ಆ ಕೊರತೆ ಸರಿಮಾಡಿದ್ದಾರೆ. ಸುಳಿವು ಕೇಳಿದರೆ ಮೆಲ್ಲಗೆ ಒಂದೊಂದಾಗಿ ಬಿಟ್ಟುಕೊಡುತ್ತದೆ, ಒಂದೇ ಸಲ ಉತ್ತರ ಹೇಳಿ ಮಜಾ ಕೆಡಿಸುವುದಿಲ್ಲ.

ಹಾಗಂತ ಮಂಕಿ ಐಲ್ಯಾಂಡ್‌ನಲ್ಲಿ ಎಲ್ಲವೂ ಸರಿ ಅಂತ ಅಲ್ಲ. ಎರಡನೇ ಭಾಗದಲ್ಲಿ, ಅದು 1991ರದ್ದು, ಜಲಪಾತದ ಹತ್ತಿರ ಒಂದು ಪಂಪ್ ಇದೆ. ಅದನ್ನು ತಿರುಗಿಸಿ ನೀರು ನಿಲ್ಲಿಸಬೇಕು. ಯಾವುದರಿಂದ? ಕೋತಿಯಿಂದ! ಬೇರೆ ದ್ವೀಪದ ಹೆಂಡದಂಗಡಿಯಲ್ಲಿ ಪಿಯಾನೋ ಬಾರಿಸುವ ಕೋತಿಯನ್ನು ಬಾಳೆಹಣ್ಣು ತೋರಿಸಿ ಮಂಕು ಹಿಡಿಸಿ, ಮಡಚಿ ಜೇಬಿಗೆ ಹಾಕಿಕೊಂಡು ಬಂದು, ಪಂಪಿಗೆ ಸಿಕ್ಕಿಸಬೇಕು. ಯಾಕೆಂದರೆ ಅಮೆರಿಕದವರು ಆ ಥರದ ಪಾನಾಕ್ಕೆ ಮಂಕಿ ರೆಂಚ್ ಅನ್ನುತ್ತಾರೆ. ನಮ್ಮ ಪ್ಲಂಬರ್ ಬ್ಯಾಗಿನಲ್ಲಿ ಸ್ಪ್ಯಾನರ್ ಇರುತ್ತದೆ, ಪೈಪ್ ಪಾನಾ ಇರುತ್ತದೆ, ಕೋತಿ ಇರುವುದಿಲ್ಲ. ಇಂಗ್ಲೆಂಡಿನವರಿಗೇ ಇದು ಹೊಳೆಯಲಿಲ್ಲವಂತೆ, ಇನ್ನು ನಮಗೆ ಹೇಗೆ? ಕುಳ್ಳನ ಹೆಸರಿನಷ್ಟೇ ಅನ್ಯಾಯ ಇದೂ. ಒಂದೇ ವ್ಯತ್ಯಾಸ, ಇಲ್ಲಿ ಎಷ್ಟು ಹೊತ್ತು ಒದ್ದಾಡಿದರೂ ಯಾರೂ ನಿಮ್ಮನ್ನು ಕೊಲ್ಲುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಅಲೆದಾಡುತ್ತಾ, ಸಿಕ್ಕಸಿಕ್ಕವರ ಹತ್ತಿರ ಹರಟುತ್ತಾ ಇರಬಹುದು.

ಕೊಳ್ಳುವವರಿಗೆ: ಗಾಗ್, ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿ ಎರಡರಲ್ಲೂ ಸಿಗುತ್ತವೆ, ಸೇಲ್ ತನಕ ಕಾಯಿರಿ. ದೊಡ್ಡ ಕಂಪ್ಯೂಟರ್ ಬೇಕಿಲ್ಲ, ಆಫೀಸಿನ ಹಳೇ ಲ್ಯಾಪ್‌ಟಾಪ್ ಸಾಕು. ಸುಮ್ನೆ ರುಚಿ ನೋಡಬೇಕು ಅನ್ನುವವರು ಹಳೇ ಆಟಗಳನ್ನು ಓಡಿಸುವ ಸ್ಕಮ್‌ವಿಎಂ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ, ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಬಿನೀತ್ ಎ ಸ್ಟೀಲ್ ಸ್ಕೈ ಅನ್ನುವ 1994ರ ಒಳ್ಳೇ ಆಟವನ್ನು ಅವರ ಜಾಲತಾಣದಲ್ಲೇ ಕಾನೂನು ಪ್ರಕಾರ ಪುಕ್ಕಟೆ ಇಟ್ಟಿದ್ದಾರೆ. ಮಕ್ಕಳ ಜೊತೆ ಆಡುವುದಾದರೆ ಮಂಕಿ ಐಲ್ಯಾಂಡ್ ಒಂದನೇ ಭಾಗ ಕಣ್ಣು ಮುಚ್ಚಿ ತಗೊಳ್ಳಿ. ಕಿಂಗ್ಸ್ ಕ್ವೆಸ್ಟ್ ಹಠ ಇರುವವರಿಗೆ ಮಾತ್ರ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಾ ಇರಿ.

ಅದರಲ್ಲಿ ಒಟ್ಟು 158 ಅಂಕ. ನಾನು ಬೀಗದಕೈ ತಗೊಂಡು ಬೆಟ್ಟದೊಳಗಿನ ದಾರಿ ಹಿಡಿಯಬಹುದಿತ್ತು, ಆದರೆ ಇನ್ನೂ ಬಳ್ಳಿಯಲ್ಲೇ ಇದ್ದೇನೆ. ನಿನ್ನೆ ಮುಕ್ಕಾಲು ಭಾಗ ಹತ್ತಿದ್ದೆ.