ಸಿನಿಗಾಂಗ್ ಮಿಕ್ಸ್: ಹುಳಿಗೆ ಪೂರ್ತಿ ಮಾರ್ಕು, ಉಪ್ಪಿಗೆ ಇಲ್ಲ

ಮನಿಲಾಕ್ಕೆ ಬಂದು ಮನೆ ಮಾಡಿದಾಗಿನಿಂದ ನಮ್ಮ ಅಡುಗೆಮನೆಯಲ್ಲಿ ಈ ಪ್ಯಾಕೆಟ್ ಇಲ್ಲದ ದಿನ ಕಡಿಮೆ. ಸಿನಿಗಾಂಗ್ ಅಂದರೆ ಫಿಲಿಪೀನ್ಸಿನ ಹುಳಿ ಸಾರು, ಮಿಕ್ಸ್ ಅಂದರೆ ಅದಕ್ಕೆ ಹುಳಿ ಕೊಡುವ ಪುಡಿ. ಬೀದಿ ಮೂಲೆಯ ಸಾರಿ-ಸಾರಿ ಅಂಗಡಿಯಲ್ಲೂ ಶಾಂಪೂ ಸ್ಯಾಶೆಗಳ ಪಕ್ಕ ನೇತಾಡುತ್ತಿರುತ್ತದೆ. ನಾನು ತರುವುದು ‘ಸಂಪಾಲೊಕ್’, ಅಂದರೆ ಹುಣಸೆಯದ್ದು. ಒಂದೇ ಬ್ರ್ಯಾಂಡಿಗೆ ಅಂಟಿಕೊಂಡಿಲ್ಲ, ಹಾಗಾಗಿ ಇಲ್ಲಿ ಕಂಪನಿ ಹೆಸರು ಹುಡುಕಬೇಡಿ.

ಹುಣಸೆಹಣ್ಣು ಮನೆಯಲ್ಲೇ ಇರುವಾಗ ಪುಡಿ ಯಾಕೆ ಅಂತ ಊರಿನವರು ಕೇಳುತ್ತಾರೆ. ಸಿನಿಗಾಂಗಿಗೆ ಬೇಕಾದದ್ದು ಹಣ್ಣಲ್ಲ, ಹಸಿ ಹುಣಸೆಕಾಯಿ. ಇಲ್ಲಿನವರು ಕಾಯಿಯನ್ನು ಬೇಯಿಸಿ, ಕಿವುಚಿ, ಸೋಸಿ ರಸ ತೆಗೆಯುತ್ತಾರೆ. ನಮ್ಮ ಹುಣಸೆಹಣ್ಣು ಹಾಕಿದರೆ ಸಾರು ಕಂದು ಬಣ್ಣಕ್ಕೆ ತಿರುಗುತ್ತದೆ, ಹುಳಿಯ ಹಿಂದೆ ಸಣ್ಣ ಸಿಹಿಯೂ ಬರುತ್ತದೆ. ಕಾಯಿಯ ಆ ಚುರುಕು ಹುಳಿ ಮಿಕ್ಸ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ಅದರಲ್ಲಿ ಸಿಟ್ರಿಕ್ ಆಮ್ಲದ ಪಾಲೂ ಇದೆ ಅನ್ನೋದು ಲೇಬಲ್ ಓದಿದರೆ ಗೊತ್ತಾಗುತ್ತದೆ. ಕೆಲಸ ಮುಗಿಸಿ ಸಂಜೆ ಏಳಕ್ಕೆ ಮನೆ ಸೇರುವವರು ಅದಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ ಬಿಡಿ.

ತೊಂದರೆ ಉಪ್ಪಿನದ್ದು. ಹುಳಿ ಸಾಲದು ಅಂತ ಇನ್ನೊಂದಿಷ್ಟು ಸುರಿದರೆ ಉಪ್ಪೂ ಜೊತೆಗೇ ಏರುತ್ತದೆ. ಅಜಿನೊಮೊಟೊ ಬೇರೆ. ಪ್ಯಾಕೆಟ್ಟಿನ ಹಿಂದೆ ಬರೆದ ಅಳತೆಯನ್ನೇ ನಂಬಿ, ಮೇಲೆ ಪಾತಿಸ್, ಅಂದರೆ ಮೀನಿನ ಸಾಸ್ ಹಾಕಿದರೆ ರಾತ್ರಿಯಿಡೀ ನೀರು ಕುಡಿಯಬೇಕು. ಬಿಪಿ ಇರುವವರ ಮನೆಗೆ ನಾನು ಹೇಳುವುದು ಇಷ್ಟೇ: ಅರ್ಧ ಪ್ಯಾಕೆಟ್ ಹಾಕಿ, ಉಳಿದ ಹುಳಿಯನ್ನು ಟೊಮೆಟೊ ಮತ್ತು ಕಾಮಿಯಾಸ್‌ನಿಂದ ತನ್ನಿ. ಕಾಮಿಯಾಸ್ ಅಂದರೆ ಬೇರೇನಲ್ಲ, ಮಂಗಳೂರು ಕಡೆ ಮೀನು ಸಾರಿಗೆ ಹಾಕುವ ಬಿಂಬುಳಿಯೇ. ಪಾತಿಸ್ ಊಟಕ್ಕೆ ಕೂತ ಮೇಲೆ, ಹಸಿಮೆಣಸು ಕಿವುಚಿ ಪಕ್ಕಕ್ಕಿಟ್ಟುಕೊಂಡರೆ ಸಾಕು.

ಪುಡಿಯನ್ನು ಯಾವಾಗ ಹಾಕುತ್ತೀರಿ ಅನ್ನೋದೂ ಮುಖ್ಯ. ಹುಳಿ ಬಿದ್ದ ಮೇಲೆ ತರಕಾರಿ ಬೇಗ ಬೇಯುವುದಿಲ್ಲ, ನಮ್ಮ ಅಡುಗೆಯಲ್ಲೂ ಹಾಗೇ ಅಲ್ವಾ? ನಾನು ಅಕ್ಕಿಯ ಎರಡನೇ ತೊಳೆದ ನೀರಿನಲ್ಲಿ ಈರುಳ್ಳಿ, ಟೊಮೆಟೊ, ಕೆಸುವಿನ ಗಡ್ಡೆ ಕುದಿಯಲು ಇಡುತ್ತೇನೆ. ಇಲ್ಲಿನವರು ಅಕ್ಕಿ ತೊಳೆದ ನೀರನ್ನು ಚೆಲ್ಲುವುದಿಲ್ಲ, ಸಾರಿಗೆ ಸ್ವಲ್ಪ ಮೈ ಬರುವುದು ಅದರಿಂದಲೇ. ಗಡ್ಡೆ ಪೂರ್ತಿ ಬೆಂದ ಮೇಲೆ ಮೂಲಂಗಿ, ಆಮೇಲೆ ಅಲಸಂದೆ ಕಾಯಿ, ಬೆಂಡೆ, ಉದ್ದ ಹಸಿಮೆಣಸು. ಇವು ಅರೆಬೆಂದಾಗ ಪುಡಿ, ಅದರ ಹಿಂದೆಯೇ ಸಿಗಡಿ. ಸಿಗಡಿ ಬಣ್ಣ ತಿರುಗಿದ ಕೂಡಲೇ ಕಾಂಗ್‌ಕೋಂಗ್ ಸೊಪ್ಪು ಹಾಕಿ ಒಲೆ ಆರಿಸಬೇಕು. ಸೊಪ್ಪು ಜಾಸ್ತಿ ಹೊತ್ತು ಹುಳಿಯಲ್ಲಿ ಕೂತರೆ ಹಸಿರು ಹೋಗಿ ಮಂಕಾಗುತ್ತದೆ. ಹಂದಿ ಮಾಂಸ ಹಾಕುವವರು ಮಾತ್ರ ಮೊದಲು ಮಾಂಸವನ್ನೇ ಮೆತ್ತಗಾಗುವ ತನಕ ಬೇಯಿಸಿಕೊಳ್ಳಬೇಕು. ಬಾಂಗುಸ್ ಮೀನಿನದ್ದು ಬೇಗ ಆಗುತ್ತದೆ, ಮುಳ್ಳಿನ ಕಾಟ ಸಹಿಸುವವರಿಗೆ.

ಮನೆ ಮಾಲೀಕರಾದ ಟೀಟಾ ನಮ್ಮ ಪ್ಯಾಕೆಟ್ ನೋಡಿ ನಗುತ್ತಾರೆ. ಭಾನುವಾರ ಅವರು ಮಾಡುವುದು ಹಣ್ಣಾದ ಸೀಬೆಹಣ್ಣಿನ ಸಿನಿಗಾಂಗ್. ಆ ಘಮ ಯಾವ ಪುಡಿಯಲ್ಲೂ ಬರುವುದಿಲ್ಲ, ಒಪ್ಪಿಕೊಂಡೆ. ಆದರೆ ವಾರದ ನಡುವೆ ಮಳೆ ಹಿಡಿದು ಕೂತರೆ ಅವರ ಮಗಳೇ ನಮ್ಮ ಮನೆಗೆ ಪ್ಯಾಕೆಟ್ ಕೇಳಿಕೊಂಡು ಬರುತ್ತಾಳೆ!

ಕೆಸುವಿನ ಪುಡಿ ಸೇರಿಸಿದ ಮಿಕ್ಸ್ ಕೂಡ ಸಿಗುತ್ತದೆ. ಸಾರು ಮಂದವಾಗುತ್ತದೆ, ನನಗೇನೂ ಹಿಡಿಸಲಿಲ್ಲ. ತಿಳಿಸಾರಿನ ಹಾಗೆ ಅನ್ನಕ್ಕೆ ಸುರಿದುಕೊಳ್ಳುವುದರಲ್ಲೇ ಇದರ ಸುಖ. ಮಾಂಸ ತಿನ್ನದವರು ಅಣಬೆ, ತೋಫು ಹಾಕಿ ಮಾಡಬಹುದು, ಸೊಗಸಾಗಿ ಬರುತ್ತದೆ. ಕೊಳ್ಳುವ ಮುಂಚೆ ಲೇಬಲ್ ಮಾತ್ರ ಪೂರ್ತಿ ಓದಿ. ಮೀನು, ಮಾಂಸದ ರುಚಿ ಸೇರಿಸಿದ ಮಿಕ್ಸ್‌ಗಳೂ ಅದೇ ಸಾಲಿನಲ್ಲಿರುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ದುಬೈಯಲ್ಲಿರುವ ಕನ್ನಡದವರಿಗೆ ಫಿಲಿಪಿನೋ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಸಣ್ಣ ಪ್ಯಾಕೆಟ್ಟನ್ನೇ ತನ್ನಿ. ದೊಡ್ಡದನ್ನು ಒಡೆದು ಅರ್ಧ ಉಳಿಸಿದರೆ ಇಲ್ಲಿನ ಸೆಕೆಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ.