ಸೀಬಾಸ್ ಮರಿಗಳ ವೀನಿಂಗ್ ಫೀಡ್: ಫೀಡ್ ಚೆನ್ನಾಗಿದೆ, ಪ್ಯಾಕಿನ ಮೇಲಿನ ಚಾರ್ಟ್ ನಂಬಬೇಡಿ

ಕುಂದಾಪುರದ ಕಡೆ ನಮ್ಮದೊಂದು ಸಣ್ಣ ಹ್ಯಾಚರಿ, ಅಂದರೆ ಮೊಟ್ಟೆಯಿಂದ ಮೀನು ಮರಿ ಮಾಡುವ ಜಾಗ. ಮಾಡುವುದು ಸೀಬಾಸ್ ಮೀನು ಒಂದೇ. ವಿದೇಶದಿಂದ ಬರುವ ಈ ಸಣ್ಣ ಕಾಳಿನ ವೀನಿಂಗ್ ಫೀಡನ್ನು (ಮರಿಗೆ ಜೀವಂತ ಆಹಾರ ಬಿಡಿಸಿ ಒಣ ಆಹಾರ ರೂಢಿಸುವ ಫೀಡ್) ಕೆಲವು ಸೀಸನ್‌ಗಳಿಂದ ಬಳಸುತ್ತಿದ್ದೇವೆ. ಕಂಪನಿ ಹೆಸರು ಬೇಡ ಬಿಡಿ.

ಕಾಳು ಒಂದೇ ಅಳತೆ, ಧೂಳು ಕಡಿಮೆ. ನೀರಿಗೆ ಉದುರಿಸಿದರೆ ಸ್ವಲ್ಪ ಹೊತ್ತು ಮೇಲೆ ನಿಂತು ನಿಧಾನಕ್ಕೆ ಇಳಿಯುತ್ತದೆ. ನಾವು ಅಷ್ಟೊಂದು ದುಡ್ಡು ಕೊಡುವುದೇ ಆ ನಿಧಾನಕ್ಕೆ. ಸೀಬಾಸ್ ಮರಿ ಕಣ್ಣೆದುರು ಅಲುಗಾಡುವುದನ್ನು ಹಾರಿ ಹಿಡಿಯುತ್ತದೆ, ತಳಕ್ಕೆ ಬಿದ್ದದ್ದನ್ನು ಮೂಸಿಯೂ ನೋಡುವುದಿಲ್ಲ. ಅಗ್ಗ ಅಂತ ಸಿಗಡಿ ಮರಿ ಫೀಡ್ ಹಾಕಿದವರಿಗೆ ಗೊತ್ತಿರುತ್ತದೆ, ಅರ್ಧಕ್ಕರ್ಧ ತಳ ಸೇರಿ ಕೊಳೆತು ಅಮೋನಿಯಾ ಏರುತ್ತದೆ, ತಳದ ಕೊಳೆ ಎಳೆಯಲು ಸೈಫನ್ ಪೈಪು ಹಿಡಿದು ಕೂರುವುದೇ ಕೆಲಸ.

ತಕರಾರು ಇರುವುದು ಚಾರ್ಟ್ ಬಗ್ಗೆ. ಮರಿ ಹುಟ್ಟಿದ ಹತ್ತನೇ ದಿನದಿಂದಲೇ ಒಣ ಫೀಡ್ ಶುರು ಮಾಡಿ, ಆರ್ಟೀಮಿಯಾ (ಮರಿಗೆ ಜೀವಂತವಾಗಿ ತಿನ್ನಿಸುವ ಸಿಗಡಿ ಜಾತಿಯ ಪುಟ್ಟ ಜೀವಿ) ಬೇಗ ನಿಲ್ಲಿಸಿ ಅಂತ ಅದರಲ್ಲಿದೆ. ಆರ್ಟೀಮಿಯಾ ಮೊಟ್ಟೆ ಡಬ್ಬಿಯ ರೇಟು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ಆದರೆ ಮರಿ ಮೊಟ್ಟೆಯಿಂದ ಬಂದಾಗ ಬರೀ ಒಂದೂವರೆ ಮಿಲಿಮೀಟರ್. ಮೂರನೇ ದಿನದ ಹೊತ್ತಿಗೆ ಬಾಯಿ ತೆರೆದು ರೋಟಿಫರ್ (ಆರ್ಟೀಮಿಯಾಗಿಂತಲೂ ಸಣ್ಣ ಜೀವಿ) ತಿನ್ನುತ್ತದೆ, ಎಂಟ್ಹತ್ತು ದಿನಕ್ಕೆ ಆರ್ಟೀಮಿಯಾಗೆ ಬರುತ್ತದೆ. ಹೊಟ್ಟೆಯಲ್ಲಿ ಆಮ್ಲ, ಪ್ರೋಟೀನ್ ಜೀರ್ಣ ಮಾಡುವ ಪೆಪ್ಸಿನ್ ಸರಿಯಾಗಿ ಶುರುವಾಗಲು ಸುಮಾರು ಎರಡು ವಾರ ಬೇಕು. ಅದಕ್ಕೂ ಮೊದಲು ಒಣ ಫೀಡ್ ನುಂಗಿದರೂ ಸರಿಯಾಗಿ ಜೀರ್ಣ ಆಗುವುದಿಲ್ಲ, ಸುಮ್ನೆ ನೀರು ಕೆಡುತ್ತದೆ.

ಹಾಗಾಗಿ ನಾವು ಹದಿನೆಂಟು ಇಪ್ಪತ್ತನೇ ದಿನಕ್ಕೆ 200-400 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಕಾಳಿನಿಂದ ಶುರು ಮಾಡುತ್ತೇವೆ. ಬೆಳಿಗ್ಗೆ ಮರಿ ಹಸಿದಿರುವಾಗ ಮೊದಲು ಒಣ ಫೀಡ್, ಒಂದೊಂದೇ ಚಿಟಿಕೆ, ಆಮೇಲೆ ಆರ್ಟೀಮಿಯಾ. ಒಂದು ವಾರ, ಬೇಕಾದರೆ ಇನ್ನೂ ಜಾಸ್ತಿ, ಎರಡೂ ಜೊತೆಗೆ ನಡೆಯುತ್ತದೆ. ಲೋಟದಲ್ಲಿ ಹತ್ತಾರು ಮರಿ ತೆಗೆದು ಬೆಳಕಿಗೆ ಹಿಡಿಯಿರಿ. ಆರ್ಟೀಮಿಯಾ ತಿಂದದ್ದರ ಹೊಟ್ಟೆ ಕಿತ್ತಳೆ, ಫೀಡ್ ತಿಂದದ್ದರದು ಕಂದು. ಕಂದು ಹೊಟ್ಟೆ ಜಾಸ್ತಿ ಆದ ಮೇಲೆ ಆರ್ಟೀಮಿಯಾ ಇಳಿಸಿ, ಕ್ಯಾಲೆಂಡರ್ ನೋಡಿಕೊಂಡು ಅಲ್ಲ. ಈ ಹಂತದಲ್ಲಿ ಕೊಡುವ ಆರ್ಟೀಮಿಯಾಗೆ ಡಿಎಚ್‌ಎ (ಒಮೆಗಾ-3 ಕೊಬ್ಬು) ಇರುವ ಎಮಲ್ಷನ್ ತಿನ್ನಿಸಿಯೇ ಹಾಕಿ. ಆಗಷ್ಟೇ ಮೊಟ್ಟೆ ಒಡೆದು ಬಂದ ಆರ್ಟೀಮಿಯಾ ಏನೂ ತಿನ್ನುವುದಿಲ್ಲ, ಒಮ್ಮೆ ಪೊರೆ ಕಳಚುವವರೆಗೆ ಕಾಯಬೇಕು.

ಆರ್ಟೀಮಿಯಾ ಬೇಗ ನಿಲ್ಲಿಸಿದರೆ ಫೀಡ್ ಕಲಿತವು ದಪ್ಪ ಆಗುತ್ತವೆ, ಕಲಿಯದವು ಹಾಗೇ ಉಳಿಯುತ್ತವೆ. ದೊಡ್ಡದು ಸಣ್ಣದನ್ನು ನುಂಗಲು ಅಷ್ಟು ಸಾಕು. ಸೀಬಾಸ್ ಮರಿ ತನ್ನ ಉದ್ದದ ಅರ್ಧಕ್ಕಿಂತ ಜಾಸ್ತಿ ಇರುವುದನ್ನೂ ಬಾಯಿಗೆ ತುರುಕಿಕೊಳ್ಳುತ್ತದೆ, ಬಾಲ ಹೊರಗೆ ನೇತಾಡುತ್ತಿದ್ದರೂ ಬಿಡುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಗ್ರೇಡಿಂಗ್, ಅಂದರೆ ದೊಡ್ಡದು ಸಣ್ಣದು ಬೇರೆ ಮಾಡುವುದು, ಮಾಡಲೇಬೇಕು. ಎಷ್ಟು ದುಬಾರಿ ಫೀಡ್ ಹಾಕಿದರೂ ಅದು ತಪ್ಪುವುದಿಲ್ಲ.

ಪ್ಯಾಕ್ ಬರುವುದು ದೊಡ್ಡದೇ. ನಮ್ಮ ಮಳೆಗಾಲದಲ್ಲಿ ಒಮ್ಮೆ ಬಾಯಿ ಬಿಚ್ಚಿದರೆ ಮುಗಿಯಿತು, ತೇವ ಎಳೆದು ಗಂಟು ಕಟ್ಟುತ್ತದೆ, ಎಣ್ಣೆ ಕಮಟು ವಾಸನೆ ಬರುತ್ತದೆ. ತಂದ ದಿನವೇ ಸಣ್ಣ ಸಣ್ಣ ಡಬ್ಬಿಗೆ ಹಂಚಿ ಫ್ರಿಜ್ಜಿಗೆ ಹಾಕಿ. ಪಕ್ಕದ ಹ್ಯಾಚರಿಯವರ ಜೊತೆ ಸೇರಿ ತರಿಸಿದರೆ ಇನ್ನೂ ಒಳ್ಳೆಯದು.

ಐದಕ್ಕೆ ನಾಲ್ಕು ಸ್ಟಾರ್. ಎರಡು ಸಣ್ಣ ಸೈಜು ಮಾತ್ರ ತೆಗೆದುಕೊಳ್ಳಿ. ಮರಿ ಒಮ್ಮೆ ಒಣ ಫೀಡಿಗೆ ಒಗ್ಗಿಕೊಂಡ ಮೇಲೆ ಅಗ್ಗದ ಫೀಡೂ ನಡೆಯುತ್ತದೆ.