ಸೇಂಟ್ ಕಿಲ್ಡಾ ನಿಲ್ದಾಣ: ರೈಲಿನ ಹಾದಿಯಲ್ಲಿ ಟ್ರಾಮ್

ಮೆಲ್ಬರ್ನ್ ನಗರದ ನಡುವಿನಿಂದ 96ನೇ ಸಂಖ್ಯೆಯ ಟ್ರಾಮ್ ಹಿಡಿದು ಕಡಲತೀರಕ್ಕೆ ಹೊರಟವರಿಗೆ, ಫಿಟ್ಜ್‌ರಾಯ್ ಸ್ಟ್ರೀಟ್ ತಲುಪುವಾಗ ಸೇಂಟ್ ಕಿಲ್ಡಾ ಉಪನಗರದ ಹಳೆಯ ರೈಲು ನಿಲ್ದಾಣದ ಕಟ್ಟಡ ಕಾಣಿಸುತ್ತದೆ. ಬಹುಪಾಲು ಪ್ರಯಾಣಿಕರು ಇಳಿಯದೆ ಮುಂದೆ ಸಾಗುತ್ತಾರೆ. ಸೇವೆಯ ದೃಷ್ಟಿಯಿಂದ ಈ ನಿಲ್ದಾಣಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಆದರೆ ಅದರ ಇತಿಹಾಸ ತಿಳಿಯದೆ ಆ ಸೇವೆ ಏಕೆ ಇಷ್ಟು ಚೆನ್ನಾಗಿದೆ ಎಂಬುದು ಅರ್ಥವಾಗುವುದಿಲ್ಲ.

ಆಸ್ಟ್ರೇಲಿಯಾದ ಮೊದಲ ಉಗಿ ರೈಲನ್ನು 1854ರಲ್ಲಿ ಓಡಿಸಿದ ಮೆಲ್ಬರ್ನ್ ಆ್ಯಂಡ್ ಹಾಬ್ಸನ್ಸ್ ಬೇ ಕಂಪನಿಯೇ 1857ರ ಮೇ 13ರಂದು ಸೇಂಟ್ ಕಿಲ್ಡಾ ಮಾರ್ಗವನ್ನೂ ಆರಂಭಿಸಿತು. 1878ರಲ್ಲಿ ಮಾರ್ಗ ಸರ್ಕಾರದ ಕೈಸೇರಿತು, 1919ರಲ್ಲಿ ವಿದ್ಯುದೀಕರಣವಾಯಿತು. ಇವೆಲ್ಲ ಎಷ್ಟೋ ಉಪನಗರಗಳ ಕಥೆಯೇ. ಈ ನಿಲ್ದಾಣದ ನಿಜವಾದ ವಿಶೇಷ ಇರುವುದು 1906ರಲ್ಲಿ. ಆ ವರ್ಷ ರೈಲ್ವೆ ಇಲಾಖೆಯು ಇದೇ ನಿಲ್ದಾಣದಿಂದ ಬ್ರೈಟನ್ ಕಡೆಗೆ ವಿದ್ಯುತ್ ಟ್ರಾಮ್ ಓಡಿಸತೊಡಗಿತು; ಆದರೆ ಅದನ್ನು ಟ್ರಾಮ್ ಎನ್ನದೆ ‘ವಿದ್ಯುತ್ ಬೀದಿ ರೈಲು’ ಎಂದು ಕರೆಯಿತು, ಹಳಿಗಳನ್ನೂ ತನ್ನ ರೈಲುಗಳಂತೆಯೇ 1600 ಮಿಲಿಮೀಟರ್ ಅಗಲಕ್ಕೆ ಹಾಕಿತು. ಬೀದಿಯಲ್ಲಿ ಓಡಿದರೂ ತಾನು ರೈಲೇ ಎನ್ನುವ ಈ ಬಿಗುಮಾನ 1959ರಲ್ಲಿ ಆ ಮಾರ್ಗ ಮುಚ್ಚುವವರೆಗೂ ನಡೆಯಿತು.

1987ರಲ್ಲಿ ಲೆಕ್ಕ ತಿರುವುಮುರುವಾಯಿತು. ಆ ವರ್ಷದ ಜುಲೈ ಅಂತ್ಯಕ್ಕೆ ರೈಲು ನಿಂತು, ನವೆಂಬರ್ 20ರಂದು ಅದೇ ಹಾದಿಯಲ್ಲಿ ಟ್ರಾಮ್ ಬಂತು. ಅದಕ್ಕಾಗಿ ಹಳಿಗಳ ನಡುವಿನ ಅಂತರವನ್ನು 1435 ಮಿಲಿಮೀಟರ್‌ಗೆ ಇಳಿಸಲಾಯಿತು, ಮೇಲಿನ ತಂತಿಯ 1500 ವೋಲ್ಟ್ 600 ಆಯಿತು. ರೈಲಿನ ಹಳೆಯ ಪಥ ಮಾತ್ರ ಉಳಿದುಕೊಂಡಿತು, ಇಂದಿನ ಸೇವೆಯ ಗುಟ್ಟೂ ಅದೇ. ಕಾರುಗಳ ಸಾಲಿನ ಹಿಂದೆ ಕಾಯುವ ಗೋಜಿಲ್ಲದೆ ಟ್ರಾಮ್ ಆಲ್ಬರ್ಟ್ ಪಾರ್ಕ್, ಸೌತ್ ಮೆಲ್ಬರ್ನ್ ದಾಟಿ ನಗರದ ಕಡೆಗೆ ಸರಾಗವಾಗಿ ಓಡುತ್ತದೆ. ಬೀದಿಗಳಲ್ಲಿ ತೆವಳುವ ಉಳಿದ ಟ್ರಾಮ್‌ಗಳಲ್ಲಿ ಕುಳಿತವರಿಗೆ ಇದರ ಬೆಲೆ ಗೊತ್ತು. 2013ರಿಂದ ಈ ಮಾರ್ಗದಲ್ಲಿರುವ ‘ಇ’ ವರ್ಗದ ಟ್ರಾಮ್‌ಗಳು 33 ಮೀಟರ್ ಉದ್ದವಿದ್ದು, ತಗ್ಗಾದ ನೆಲದ ಕಾರಣ ಮಗುವಿನ ತಳ್ಳುಗಾಡಿ ಇರುವವರಿಗೂ ಗಾಲಿಕುರ್ಚಿಯವರಿಗೂ ಅನುಕೂಲವಾಗಿವೆ.

ಬದಲಾವಣೆಯಲ್ಲಿ ಕಳೆದುಕೊಂಡದ್ದೂ ಇದೆ. ರೈಲು ಸ್ಯಾಂಡ್ರಿಜ್ ಸೇತುವೆಯ ಮೇಲೆ ಯಾರಾ ನದಿ ದಾಟಿ ನೇರವಾಗಿ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣ ಸೇರುತ್ತಿತ್ತು. ಆ ಸೇತುವೆ ಈಗ ಪಾದಚಾರಿಗಳದ್ದು, ಟ್ರಾಮ್ ಸ್ಪೆನ್ಸರ್ ಸ್ಟ್ರೀಟ್ ಸುತ್ತಿ ಬರ್ಕ್ ಸ್ಟ್ರೀಟ್‌ಗೆ ಹೋಗುತ್ತದೆ. ಇನ್ನೊಂದು ತುದಿಯಲ್ಲಾದರೋ, ನಿಲ್ದಾಣದಲ್ಲೇ ಮುಗಿಯುತ್ತಿದ್ದ ಪ್ರಯಾಣ ಈಗ ಎಸ್‌ಪ್ಲನೇಡ್ ಮೂಲಕ ಅಕ್ಲೆಂಡ್ ಸ್ಟ್ರೀಟ್‌ವರೆಗೆ ಬೆಳೆದಿದೆ. ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚೆಂದೇ ನನ್ನ ಅಭಿಪ್ರಾಯ.

ನನ್ನ ಆಕ್ಷೇಪ ಕಟ್ಟಡದ ವಿಷಯದಲ್ಲಿದೆ. ನಗರದ ಅತ್ಯಂತ ಹಳೆಯ ನಿಲ್ದಾಣ ಕಟ್ಟಡಗಳಲ್ಲೊಂದಾದ ಇದನ್ನು ಕೆಡವದೆ ಉಳಿಸಿದ್ದು ಮೆಚ್ಚತಕ್ಕದ್ದೇ. ಆದರೆ ವ್ಯಾಪಾರಕ್ಕೆ ಒಪ್ಪಿಸಿಬಿಟ್ಟ ಮೇಲೆ ಕಟ್ಟಡಕ್ಕೂ ಟ್ರಾಮ್‌ಗೂ ಸಂಬಂಧವೇ ತಪ್ಪಿದೆ. ನೆರೆಮನೆಯವರಂತೆ ಪಕ್ಕಪಕ್ಕದಲ್ಲಿದ್ದರೂ ಮಾತಿಲ್ಲ.

ಹೊಸಬರಿಗೆ ಒಂದೆರಡು ಸೂಚನೆಗಳು: ನಗರದ ನಡುವಿನ ಉಚಿತ ಟ್ರಾಮ್ ವಲಯ ಇಲ್ಲಿಯವರೆಗೆ ಬರುವುದಿಲ್ಲವಾದ್ದರಿಂದ ಹತ್ತಿದ ಕೂಡಲೇ ಪ್ರಯಾಣದರದ ಮೈಕಿ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು. ಆಲ್ಬರ್ಟ್ ಪಾರ್ಕ್‌ನಲ್ಲಿ ಫಾರ್ಮುಲಾ ಒನ್ ನಡೆಯುವ ದಿನಗಳಲ್ಲಿ ಕೂರಲು ಜಾಗ ಸಿಗುವ ಆಸೆ ಬೇಡ. ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ 96 ಬೆಳಗಿನವರೆಗೂ ಓಡುತ್ತದೆ. ಜನ ಕಡಿಮೆಯಿರುವ ಆ ಹೊತ್ತಿನಲ್ಲಿ ಇಳಿದು ನಿಂತರೆ ಕಟ್ಟಡವನ್ನು ನಿಧಾನವಾಗಿ ನೋಡಬಹುದು.